ಕಬ್ಬಿಣದ ಅದಿರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಯುತ ಕಬ್ಬಿಣದ ಅದಿರು,
ಕುದುರೆಮುಖ, ಕಳಸ ತಾಲ್ಲೂಕು
(ಹಾಲಿ ವಾಸ್ತವ್ಯ: ಭೂಗರ್ಭ)

ವಿಷಯ: ತಮಗೆ ದೊರೆತಿದ್ದ ಪ್ರಯಾಣ ಸೌಲಭ್ಯವನ್ನು ಮನುಷ್ಯರಿಗೂ ವಿಸ್ತರಿಸುವ ಕುರಿತು.

ಮಾನ್ಯರೇ,

ಮೊದಲು ಮಂತ್ರಿಗಳಿಗೇ ಬರೆಯೋಣ ಅಂತಿದ್ದೆವು. ಆದರೆ ಬಸ್ಸಿನವರು ಬೆಂಗಳೂರಿನಲ್ಲಿ, ರೈಲಿನವರು ದಿಲ್ಲಿಯಲ್ಲಿ. ಅರ್ಜಿ ಕೊಟ್ಟರೆ ಅದು ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಅಲ್ಲಿಂದಿಲ್ಲಿಗೆ ಹೋಗಿ ಬರುತ್ತಲೇ ಇರುತ್ತದೆ. ನಮಗಿಂತ ನಮ್ಮ ಅರ್ಜಿಗಳೇ ಹೆಚ್ಚು ಊರು ನೋಡಿವೆ. ಹಾಗಾಗಿ ಅನುಭವಸ್ಥರಾದ ತಮ್ಮನ್ನೇ ಕೇಳುವುದು ವಾಸಿ ಎನ್ನಿಸಿತು. ಈ ಗುಡ್ಡಗಳಿಂದ ಸರ್ಕಾರದ ದುಡ್ಡಿನಲ್ಲಿ, ನೂಕುನುಗ್ಗಲಿಲ್ಲದೆ ಘಟ್ಟ ಇಳಿದವರು ತಾವೊಬ್ಬರೇ.

ತಮ್ಮ ಮನೆತನದ ಭಾಗ್ಯವೇ ಅಂಥದ್ದು. ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿದ್ದ ತಮ್ಮ ಹಿರಿಯರನ್ನು ಭದ್ರಾವತಿಯ ಕಾರ್ಖಾನೆಗೆ ಕಳಿಸಲು ಮೈಸೂರು ಸರ್ಕಾರ ತಣಿಗೆಬೈಲಿನವರೆಗೆ ಹಗ್ಗದ ದಾರಿ ಹಾಕಿಸಿತು. ಹಿರಿಯರು ತೊಟ್ಟಿಲಲ್ಲಿ ಕೂತು ಕಾಡಿನ ನೆತ್ತಿಯ ಮೇಲೆ ತೇಲಿಹೋದರು. ಕೆಳಗೆ ಅದೇ ಕಾಡಿನಲ್ಲಿ ನಮ್ಮ ಹಿರಿಯರು ಗಂಟು ಹೊತ್ತು ನಡೆದರು.

ತಮ್ಮ ಕಾಲಕ್ಕಂತೂ ಇನ್ನೂ ಸೊಗಸು. ತಮ್ಮನ್ನು ಕೊಳ್ಳುವುದಾಗಿ, ಸಾಲವನ್ನೂ ಕೊಡುವುದಾಗಿ 1975ರಲ್ಲಿ ಇರಾನಿನ ಷಾ ಒಪ್ಪಿಕೊಂಡರು. ಮರುವರ್ಷ ತಮ್ಮನ್ನು ಅಗೆಯಲೆಂದೇ ಸರ್ಕಾರಿ ಕಂಪನಿಯಾಯಿತು. 1979ರಲ್ಲಿ ಷಾ ಅವರ ಸಿಂಹಾಸನವೇ ಹೋಯಿತು, ಸಾಲವೂ ನಿಂತಿತು. ಆದರೂ ಕೆಲಸ ನಿಲ್ಲಲಿಲ್ಲ. 1980ಕ್ಕೆಲ್ಲ ಕುದುರೆಮುಖದಿಂದ ಪಣಂಬೂರಿಗೆ 67 ಕಿಲೋಮೀಟರ್ ಪೈಪು ಸಿದ್ಧ. ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಯೋಜನೆ. ತಮ್ಮನ್ನು ಅರೆದು, ನೀರಿನಲ್ಲಿ ಕಲಸಿ ಬಿಟ್ಟರೆ ನೇರ ಸಮುದ್ರದ ದಂಡೆಯಲ್ಲೇ ಇಳಿಯುತ್ತಿದ್ದಿರಿ. ಗುಡ್ಡ ಜರಿದು ಚಾರ್ಮಾಡಿ ಘಾಟಿ ಬಂದ್ ಆದರೂ ತಮಗೇನೂ ತೊಂದರೆಯಿಲ್ಲ.

ಇನ್ನು ನಮ್ಮ ಕಥೆ. 1978ರಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ದಿಲ್ಲಿಗೆ ಕಳಿಸಿದ ಜಿಲ್ಲೆ ನಮ್ಮದು. ಅವರು ದಿಲ್ಲಿ ತಲುಪಿದರು, ರೈಲು ಚಿಕ್ಕಮಗಳೂರು ತಲುಪಲಿಲ್ಲ. ಕಡೂರು–ಚಿಕ್ಕಮಗಳೂರು–ಸಕಲೇಶಪುರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996-97ರಲ್ಲಿ. ಅದರಲ್ಲಿ ಚಿಕ್ಕಮಗಳೂರಿನವರೆಗಿನ ಸುಮಾರು 46 ಕಿಲೋಮೀಟರಿಗೆ ರೈಲು ಬಿಟ್ಟಿದ್ದು 2013ರ ನವೆಂಬರಿನಲ್ಲಿ. ತಮ್ಮ 67 ಕಿಲೋಮೀಟರಿಗೆ ಐದು ವರ್ಷ, ನಮ್ಮ 46ಕ್ಕೆ ಹದಿನಾರು. ನಡುವೆ ನಮಗೆ ಸಾಲ ಕೊಡಬೇಕಿದ್ದ ಯಾವ ರಾಜನೂ ಪದಚ್ಯುತನಾಗಿರಲಿಲ್ಲ. ಮುಂದಿನ ದಾರಿಯನ್ನು ಬೇಲೂರು, ಹಾಸನದ ಕಡೆ ತಿರುಗಿಸಿದ್ದಾರೆ. ರಾಜ್ಯ ಜಮೀನು ಕೊಡಲಿ, ಪಾಲಿನ ದುಡ್ಡು ಹಾಕಲಿ ಎಂದು ದಿಲ್ಲಿ. ದಿಲ್ಲಿ ಅನುದಾನ ಬಿಡಲಿ ಎಂದು ಬೆಂಗಳೂರು. ಮೂಡಿಗೆರೆ, ಕಳಸದವರು ಈ ಜಗಳದಲ್ಲೂ ಇಲ್ಲ. ಜಗಳಕ್ಕಾದರೂ ಒಂದು ರೈಲು ಯೋಜನೆ ಬೇಕಲ್ಲ!

2025ರ ಜುಲೈನಲ್ಲಿ ಚಿಕ್ಕಮಗಳೂರಿನಿಂದ ತಿರುಪತಿಗೆ ವಾರಕ್ಕೊಮ್ಮೆ ರೈಲು ಶುರುವಾಯಿತು, ಸಂತೋಷ. ತಿಮ್ಮಪ್ಪನ ಹತ್ತಿರ ವಾರಕ್ಕೊಮ್ಮೆ ಹೋದರೆ ನಡೆಯುತ್ತದೆ. ಕಾಲೇಜಿಗೆ ದಿನಾ ಹೋಗಬೇಕು, ಆಸ್ಪತ್ರೆಗೆ ಹೇಳದೆ ಕೇಳದೆ ಹೋಗಬೇಕು.

ನಮ್ಮ ಸಂಜೆ ಬಸ್ಸನ್ನು ತಾವು ನೋಡಿದವರಲ್ಲ. ಜುಲೈ ತಿಂಗಳು, ಮೂಡಿಗೆರೆ ಸ್ಟ್ಯಾಂಡು. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ಕರ್ಚೀಫು, ಛತ್ರಿ, ಟಿಫಿನ್ ಕ್ಯಾರಿಯರು ಒಳಗೆ ಬಿದ್ದು ಸೀಟು ಹಿಡಿಯುತ್ತವೆ. ನಿಂತ ಹುಡುಗಿಯರ ಬ್ಯಾಗುಗಳೆಲ್ಲ ಕೂತವರ ತೊಡೆಯ ಮೇಲೆ. ಟಾರ್ಪಾಲಿನ ಸಂದಿಯಿಂದ ಬರುವ ನೀರು ಒಬ್ಬರ ಕುತ್ತಿಗೆಗೆ, ಛತ್ರಿಯಿಂದ ಇಳಿಯುವ ನೀರು ಇನ್ನೊಬ್ಬರ ಕಾಲಿಗೆ. ಕಂಡಕ್ಟರ್ ಮಾತ್ರ, “ಒಳಗೆ ಹೋಗಿ ಮಾರಾಯ್ರೆ, ಹಿಂದೆ ಇಡೀ ಖಾಲಿ ಉಂಟು” ಎನ್ನುತ್ತಲೇ ಇರುತ್ತಾನೆ. ಅವನು ಹೇಳುವ ಆ ಖಾಲಿ ಜಾಗವನ್ನು ಇದುವರೆಗೆ ಯಾರೂ ಕಂಡಿಲ್ಲ. ಕೊಟ್ಟಿಗೆಹಾರದಲ್ಲಿ ಮತ್ತೆ ಇಪ್ಪತ್ತು ಜನ ಹತ್ತುತ್ತಾರೆ.

ಇನ್ನೊಂದು ಬಸ್ಸು ಬಿಡಿ ಎಂದರೆ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆ: “ಕಲೆಕ್ಷನ್ ಆಗುತ್ತದಾ?” ಕಲೆಕ್ಷನ್ ಆಗದ ಬಸ್ಸು ನಿಲ್ಲಿಸುತ್ತಾರೆ. ಬಸ್ಸು ನಿಂತ ಊರಿನವರು ಸಾಲ ಮಾಡಿ ಬೈಕು ಕೊಳ್ಳುತ್ತಾರೆ. ಆಮೇಲೆ ಸಮೀಕ್ಷೆಗೆ ಬಂದವರು, “ಈ ಮಾರ್ಗದಲ್ಲಿ ಪ್ರಯಾಣಿಕರೇ ಇಲ್ಲ” ಎಂದು ಬರೆದುಕೊಂಡು ಹೋಗುತ್ತಾರೆ. ಲೆಕ್ಕ ಪಕ್ಕಾ.

ಸರ್ಕಾರ ಮಾಡದಿದ್ದರೆ ನೀವೇ ಮಾಡಿಕೊಳ್ಳಿ ಎನ್ನುವವರಿಗೆ ಕೊಪ್ಪದ ಕಡೆ ಕೈ ತೋರಿಸುತ್ತೇವೆ. ಅಲ್ಲಿ ಶಂಕರ್ ಬಸ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ‘ಸಹಕಾರ ಸಾರಿಗೆ’ ಕಟ್ಟಿದರು. ಡ್ರೈವರೂ ಮಾಲೀಕ, ಕಂಡಕ್ಟರೂ ಮಾಲೀಕ. ಬೇರೆ ಬಸ್ಸು ಮುಖ ಹಾಕದ ಹಳ್ಳಿಗಳಿಗೆ ಹೋದರು, ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟರು. ಡೀಸೆಲ್ ದರ ಏರಿತು, ನಷ್ಟ ಬೆಳೆಯಿತು, ಸರ್ಕಾರದ ಬಾಗಿಲು ತಟ್ಟಿದರು. 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಷಾ ಕೈಕೊಟ್ಟಾಗ ತಮಗೆ ಸಿಕ್ಕ ಆಸರೆ ಅವರಿಗೆ ಸಿಗಲಿಲ್ಲ.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಫ್ರೀ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಆಧಾರ್ ಕಾರ್ಡು ಪರ್ಸಿನಲ್ಲೇ ಉಳಿಯುತ್ತದೆ, ಪರ್ಸಿನಿಂದ ದುಡ್ಡು ಹೊರಬರುತ್ತದೆ.

ಅದಿರು ಡಾಲರು ತಂದಿತ್ತು, ನೀವೇನು ತಂದಿರಿ ಎಂದು ಯಾರಾದರೂ ಕೇಳಬಹುದು. ಕಾಫಿಯೂ ಡಾಲರು ತರುತ್ತದೆ ಸ್ವಾಮಿ. ಅದನ್ನು ಕೊಯ್ಯುವವರು ಪಿಕಪ್ಪಿನ ಹಿಂದೆ ಕಂಬಿ ಹಿಡಿದು ನಿಂತು ತೋಟಕ್ಕೆ ಬರುತ್ತಾರೆ.

ಬೆಂಗಳೂರಿನವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರ ಉಪನಗರ ರೈಲಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗ, 148 ಕಿಲೋಮೀಟರ್. 2022ರ ಜೂನ್‌ನಲ್ಲಿ ಪ್ರಧಾನಿಯವರು ಅಡಿಗಲ್ಲು ಹಾಕಿ ನಲವತ್ತು ತಿಂಗಳ ಗಡುವು ಹೇಳಿದರು. 2025ರ ಅಕ್ಟೋಬರಿಗೆ ಗಡುವು ಮುಗಿಯಿತು, ಒಂದು ಹೂವೂ ಅರಳಲಿಲ್ಲ. ಶನಿವಾರ ಬಂತೆಂದರೆ ಅವರೆಲ್ಲ ಕಾರು ಹತ್ತಿ ನಮ್ಮ ಗಿರಿಗೇ ಬರುತ್ತಾರೆ. ಗಿರಿಯ ಮೇಲೆ ಜಾಗ ಸಾಲದೆ ವಾಹನಗಳಿಗೆ ಈಗ ಆನ್‌ಲೈನ್ ಬುಕಿಂಗ್. ಕಾರಿಗೆ ಇಷ್ಟು ಹೊತ್ತಿಗೆ ಇಷ್ಟು ಜಾಗ ಎಂದು ಲೆಕ್ಕ ಹಾಕುವುದು ಆಡಳಿತಕ್ಕೆ ಗೊತ್ತಿದೆ ಎಂದಾಯಿತು. ಅದೇ ಲೆಕ್ಕವನ್ನು ಬೆಳಗಿನ ಕಾಲೇಜು ಬಸ್ಸಿಗೂ ಹಾಕಿದ್ದರೆ ಈ ಪತ್ರ ಬರೆಯುವ ಪ್ರಮೇಯವಿರಲಿಲ್ಲ.

ತಾವು ಮತ್ತೆ ಎದ್ದು ಬನ್ನಿ ಎಂದು ಕರೆಯುತ್ತಿಲ್ಲ, ತಪ್ಪು ತಿಳಿಯಬೇಡಿ. ಸುಪ್ರೀಂ ಕೋರ್ಟು ಹೇಳಿದಂತೆ 2005ರ ಕೊನೆಗೆ ಗಣಿ ನಿಂತಿತು, ಭದ್ರೆ ಉಸಿರಾಡಿದಳು. ತಾವು ಅಲ್ಲೇ ಸುಖವಾಗಿರಿ. ನಮಗೆ ಬೇಕಾಗಿರುವುದು ತಮ್ಮದೊಂದು ನಿರಾಕ್ಷೇಪಣಾ ಪತ್ರ. ಪೈಪಿನಲ್ಲಿ ಹೋಗುವ ಅರ್ಹತೆ ನಮಗೂ ಇದೆ: ಪುಡಿ ಮಾಡುವ ಕೆಲಸವನ್ನು ಘಟ್ಟದ ಹೊಂಡಗಳು ಮುಗಿಸಿವೆ, ನೀರು ಬೆರೆಸುವುದನ್ನು ಮಳೆ ನೋಡಿಕೊಳ್ಳುತ್ತದೆ. ಪೈಪು ಆಗದಿದ್ದರೆ ಕೊನೇ ಪಕ್ಷ, ಕಳಸ–ಮೂಡಿಗೆರೆ ನಡುವೆ ಬೆಳಿಗ್ಗೆ ಎರಡು, ಸಂಜೆ ಎರಡು ಕೆಂಪು ಬಸ್ಸು ಹೆಚ್ಚಿಗೆ ಬಿಡುವಂತೆ ಶಿಫಾರಸು ಮಾಡಿ. ಸರ್ಕಾರ ತಮ್ಮ ಮಾತನ್ನು ಯಾವತ್ತೂ ತೆಗೆದುಹಾಕಿಲ್ಲ.

ಇಂತಿ,
ಹಿಂದಿನ ಖಾಲಿ ಜಾಗದಲ್ಲಿ ನಿಂತಿರುವ ಪ್ರಯಾಣಿಕರು

ಪ್ರತಿಗಳು:
1. ರೈಲ್ವೆ ಸಚಿವಾಲಯ, ನವದೆಹಲಿ – ರಾಜ್ಯಕ್ಕೆ ಕಳಿಸಿಕೊಡಲು.
2. ಸಾರಿಗೆ ಇಲಾಖೆ, ಬೆಂಗಳೂರು – ಕೇಂದ್ರಕ್ಕೆ ಕಳಿಸಿಕೊಡಲು.