ವೇಗದರ್ಪಣ: ಜೇಬಿನ ಎಸ್‌ಎಸ್‌ಡಿ ಕುರಿತೊಂದು ಲಕ್ಷಣಗ್ರಂಥ

ಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿನ ವಿಷಯ, ವಿಸಿಟಿಂಗ್ ಕಾರ್ಡಿನಷ್ಟೇ ಅಗಲದ, ಒಳಗೆ ಏನೂ ತಿರುಗದ, ಆದರೂ ಕೊಂಡವನ ತಲೆ ತಿರುಗಿಸಬಲ್ಲ ಪೋರ್ಟಬಲ್ ಎಸ್‌ಎಸ್‌ಡಿ. ಪ್ರಯೋಜನ, ಒಂದೆರಡು ಸಾವಿರ ರೂಪಾಯಿ ಉಳಿಯುವುದು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ‘ಡಿಸ್ಕ್ ಫುಲ್’ ಎಂಬ ಎಚ್ಚರಿಕೆಯನ್ನು ಮೂರು ಸಲವಾದರೂ ಕಂಡು, ಮಗಳ ನಾಮಕರಣದ ವಿಡಿಯೊ ಅಳಿಸಲೋ ಮೈದುನನ ಮದುವೆಯದನ್ನು ಅಳಿಸಲೋ ಎಂಬ ಧರ್ಮಸಂಕಟಕ್ಕೆ ಸಿಕ್ಕವನು. ಸಂಬಂಧ, ಜೇಬಿಗೂ ಜಂಬಕ್ಕೂ ಇರುವಂಥದ್ದು. ರಚನಾಕಾಲ 42 ನಿಮಿಷ. ಅಷ್ಟೇ ಏಕೆ ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಈ ಶಾಸ್ತ್ರದ ಅಭ್ಯಾಸಕ್ಕೆ ಬೆಂಗಳೂರಿನ ಎಸ್.ಪಿ. ರೋಡಿಗಿಂತ ಪ್ರಶಸ್ತವಾದ ಗುರುಕುಲವಿಲ್ಲ. ಅಲ್ಲಿ ಪ್ರಬಂಧಕಾರನ ಕಿವಿಗೆ ಬಿದ್ದ ಮೊದಲ ಪಾಠ ಇದು: “ತಗೊಳ್ಳಿ ಸಾರ್, ಫುಲ್ ಸ್ಪೀಡ್ ಇದೆ.” ಅಂಗಡಿಯವರು ಹೊಗಳಿಯೇ ಹೇಳಿದ್ದು. ಶಾಸ್ತ್ರ ಬಲ್ಲವರಿಗೆ ಮಾತ್ರ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಯುಎಸ್‌ಬಿ 1996ರಲ್ಲಿ ಹುಟ್ಟಿದಾಗ ಅದಕ್ಕಿದ್ದದ್ದು ಎರಡೇ ನಡಿಗೆ. ಸೆಕೆಂಡಿಗೆ 1.5 ಮೆಗಾಬಿಟ್‌ನದು ‘ಲೋ ಸ್ಪೀಡ್’, 12 ಮೆಗಾಬಿಟ್‌ನದು ‘ಫುಲ್ ಸ್ಪೀಡ್’. ಒಂದನ್ನು ಪೂರ್ಣವೆಂದು ಕರೆದುಬಿಟ್ಟ ಮೇಲೆ ಅದನ್ನು ಮೀರಿದ್ದಕ್ಕೆ ಹೆಸರೆಲ್ಲಿಂದ ತರುವುದು? 2000ದಲ್ಲಿ 480 ಮೆಗಾಬಿಟ್ ಬಂದಾಗ ‘ಹೈ ಸ್ಪೀಡ್’ ಎಂದರು. 2008ರಲ್ಲಿ 5 ಗಿಗಾಬಿಟ್ ಬಂದಾಗ ‘ಸೂಪರ್ ಸ್ಪೀಡ್’ ಎಂದರು. ಅಂಗಡಿಯವರು ವರವಿತ್ತ ಆ ಫುಲ್ ಸ್ಪೀಡಿನಲ್ಲಿ ಒಂದು ಟೆರಾಬೈಟ್ ಡಬ್ಬಿ ತುಂಬಿಸಲು ಕೂತರೆ ಏಳೂವರೆ ದಿನ ದಾಟುತ್ತದೆ. ಶನಿಯ ಸಾಡೇಸಾತಿಯನ್ನು ವರ್ಷದ ಬದಲು ದಿನದ ಲೆಕ್ಕದಲ್ಲಿ ಅನುಭವಿಸಿದಂತೆ.

ಹೆಸರಿನ ಗೋಜಲು ಅಲ್ಲಿಗೇ ನಿಲ್ಲಲಿಲ್ಲ. ಕೂಸಿಗೆ ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ಮೂರು ಹೆಸರಿಡುವುದು ನಮ್ಮಲ್ಲೂ ಉಂಟು. ಹಾಗೆಂದು ಐದು ವರ್ಷಕ್ಕೊಮ್ಮೆ ಮತ್ತೆ ತೊಟ್ಟಿಲು ಕಟ್ಟುವುದಿಲ್ಲ. 2008ರ ಯುಎಸ್‌ಬಿ 3.0 ಎಂಬ ಕೂಸು 2013ರಲ್ಲಿ ‘3.1 ಜೆನ್ 1’ ಆಯಿತು. 3.2 ಬಂದ ಮೇಲೆ ‘3.2 ಜೆನ್ 1’ ಆಯಿತು. ಮೈಬಣ್ಣ ಅದೇ, ಮೂಗು ಅದೇ, ವೇಗವೂ ಅದೇ 5 ಗಿಗಾಬಿಟ್. ಪೊಟ್ಟಣದ ಮೇಲೆ 3.2 ಎಂದು ಕಂಡು ಹಿಗ್ಗಿದವನು ಕೊಂಡದ್ದು 2008ರ ಮಾಲನ್ನು. ‘ಜೆನ್ 2’ ಎಂದರೆ 10 ಗಿಗಾಬಿಟ್. ಇನ್ನು ‘ಜೆನ್ ಟೂ ಬೈ ಟೂ’ ಎಂದರೆ 20. ಎರಡೆರಡ್ಲಿ ನಾಲ್ಕು ಎಂದು ಮಗ್ಗಿ ಕಲಿತವರಿಗೆ ಈ ಇಪ್ಪತ್ತು ಹೊಳೆಯುವುದಿಲ್ಲ; ಹತ್ತು ಹತ್ತರ ಎರಡು ಹಾದಿಗಳನ್ನು ಜೋಡಿಸಿದ್ದಾರೆಂದು ಯಾರಾದರೂ ಬಿಡಿಸಿ ಹೇಳಬೇಕು. ಕೊನೆಗೆ ನಾಮಕರ್ತರಿಗೇ ಸುಸ್ತಾಗಿ, 2022ರಲ್ಲಿ, ಹೆಸರು ಗಿಸರು ಬಿಟ್ಟು ಪೊಟ್ಟಣದ ಮೇಲೆ ಗಿಗಾಬಿಟ್ ಅಂಕಿಯನ್ನೇ ಬರೆಯಿರಿ ಎಂದು ಯುಎಸ್‌ಬಿ ಸಂಘದವರು ಅಪ್ಪಣೆ ಮಾಡಿದರು. ಕೊಳ್ಳುವವನು ಓದಬೇಕಾದದ್ದೂ ಅದೊಂದನ್ನೇ.

ಈಗ ವರ್ಣಪ್ರಕರಣ. ಸೂತ್ರ: ಸಣ್ಣ ಬಿ ಬಿಂದು, ದೊಡ್ಡ ಬಿ ಬಿಂದಿಗೆ.

ವೃತ್ತಿ: ಇಂಗ್ಲಿಷಿನ ಸಣ್ಣ ‘ಬಿ’ ಅಕ್ಷರ ಬಿಟ್ ಅನ್ನೂ ದೊಡ್ಡ ‘ಬಿ’ ಬೈಟ್ ಅನ್ನೂ ಸೂಚಿಸುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟ್. ಎಂಟೇ ಬಿಂದುವಿನ ಬಿಂದಿಗೆ ಎಲ್ಲಿದೆ ಎಂದು ಯಾರಾದರೂ ಆಕ್ಷೇಪಿಸಿದರೆ, ಬೇಸಿಗೆಯಲ್ಲಿ ಬೆಂಗಳೂರಿನ ನಲ್ಲಿಯ ಕೆಳಗಿಟ್ಟದ್ದು ಎಂದು ಸಮಾಧಾನ. ಯುಎಸ್‌ಬಿ ಕಿಂಡಿಯ ವೇಗವನ್ನು ಬಿಟ್ಟಿನಲ್ಲಿ ಅಳೆಯುತ್ತಾರೆ, ಡಬ್ಬಿಯ ವೇಗವನ್ನು ಬೈಟಿನಲ್ಲಿ. ಕನ್ನಡಕ್ಕೆ ಬಂದಾಗ ಎರಡೂ ‘ಎಂಬಿ’ ಆಗಿ, ಒಂದಕ್ಕೆ ಎಂಟು ಪಟ್ಟಿನ ಅಂತರ ಮಂಗಮಾಯ. ಇದಕ್ಕೆ ಮದ್ದು ನಮ್ಮ ವರ್ಣಮಾಲೆಯಲ್ಲೇ ಇದೆ ಎಂಬುದು ಪ್ರಬಂಧಕಾರನ ನಮ್ರ ಸಂಶೋಧನೆ. ಬಿಟ್‌ಗೆ ಅಲ್ಪಪ್ರಾಣದ ‘ಎಂಬಿ’, ಬೈಟ್‌ಗೆ ಮಹಾಪ್ರಾಣದ ‘ಎಂಭಿ’. ಕನ್ನಡಕ್ಕೆ ಮಹಾಪ್ರಾಣವೇ ಬೇಡವೆನ್ನುವ ಪಂಡಿತರೂ ಇದ್ದಾರೆ. ಅವರು ಎಸ್‌ಎಸ್‌ಡಿ ಕೊಳ್ಳುವಾಗ ಮಾತ್ರ ತುಸು ಎಚ್ಚರ ವಹಿಸಲಿ.

ಇಷ್ಟಾದರೂ ಮೆಗಾ, ಗಿಗಾಗಳು ಮನಸ್ಸಿಗಿಳಿಯುವುದಿಲ್ಲ. ಅದಕ್ಕೊಂದು ದೇಸೀ ಮಾನವನ್ನು ಇಲ್ಲಿ ಸ್ಥಾಪಿಸಲಾಗಿದೆ. ಈಗ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಹಲಂತದ ಗುರುತು, ಮತ್ತೊಂದು ನ, ಡ ಎಂದು ಐದು ಸಂಕೇತಗಳು. ಒಟ್ಟು 15 ಬೈಟ್. ಇದೇ ‘ಒಂದು ಕನ್ನಡ’. 2020ರಲ್ಲಿ ಬಂದ ಸ್ಯಾಮ್‌ಸಂಗ್ ಟಿ7 ಡಬ್ಬಿಯ ಮೇಲೆ ಓದುವ ವೇಗ ಸೆಕೆಂಡಿಗೆ 1,050 ಮೆಗಾಬೈಟ್‌ವರೆಗೆ ಎಂದಿದೆ. ಹದಿನೈದರಿಂದ ಭಾಗಿಸಿದರೆ ಸರಿಯಾಗಿ 7 ಕೋಟಿ ಕನ್ನಡ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂದರೆ ರಾಜ್ಯದ ತಲೆಗೊಂದರಂತೆ ಕನ್ನಡವನ್ನು ಒಂದೇ ಸೆಕೆಂಡಿನಲ್ಲಿ ಓದಿ ಮುಗಿಸಿ, ಇನ್ನೂ 89 ಲಕ್ಷವನ್ನು ಹೊರನಾಡಿನವರಿಗೆಂದು ಮಿಗಿಸುತ್ತದೆ.

ಆದರೆ ಆ ‘ವರೆಗೆ’ ಎಂಬ ಅವ್ಯಯದ ಮೇಲೆ ಕಣ್ಣಿರಲಿ. ಆಷಾಢ ಸೇಲಿನಲ್ಲಿ ‘ಶೇ. 50ರವರೆಗೆ ರಿಯಾಯಿತಿ’ ಎಂದು ನಂಬಿ ಒಳಹೊಕ್ಕವರಿಗೆ ಇದರ ಅರ್ಥವ್ಯಾಪ್ತಿ ಗೊತ್ತು. ಐವತ್ತೆಂದು ಬರೆದದ್ದು ಒಂದು ಮೂಲೆಯ ಕರ್ಚೀಫಿಗೆ, ಹಿಡಿದ ಸೀರೆಗೆ ಐದು. ಡಬ್ಬಿಯ ಮೇಲಿನ ಅಂಕಿ ಒಂದೇ ದೊಡ್ಡ ಕಡತವನ್ನು ಎಡೆಬಿಡದೆ ಸಾಗಿಸುವಾಗಿನದು. ಅದೇ 100 ಗಿಗಾಬೈಟ್ ಲಕ್ಷ ಸಣ್ಣ ಕಡತಗಳಾಗಿ ಹರಡಿದ್ದರೆ ಕತೆ ಬೇರೆ. ನೂರು ಎಕರೆಯ ಒಂದು ಜಮೀನು ನೋಂದಾಯಿಸುವುದಕ್ಕೂ ಗುಂಟೆಗೊಂದರಂತೆ ನಾಲ್ಕು ಸಾವಿರ ನಿವೇಶನ ನೋಂದಾಯಿಸುವುದಕ್ಕೂ ನೆಲ ಅಷ್ಟೇ, ಕಾಗದ ಅಷ್ಟಲ್ಲ. ಕಡತ ಪುಟ್ಟದಾದರೂ ಹೆಸರು, ದಿನಾಂಕ, ಜಾಗದ ಗುರುತು ಎಲ್ಲವನ್ನೂ ಬೇರೆಬೇರೆಯಾಗಿ ಬರೆಯಬೇಕು.

ದಾರಿಸುಂಕವೂ ಇದೆ. 5 ಗಿಗಾಬಿಟ್ ಹಾದಿಯಲ್ಲಿ ಎಂಟು ಬಿಟ್ ಸಾಗಿಸಲು ಹತ್ತು ಬಿಟ್ ಕಳಿಸಬೇಕು. ಎರಡು ಬಿಟ್ ಸಂಕೇತದ ಶಿಸ್ತಿಗೆ ಹೋಗುತ್ತದೆ. ಹಾಗಾಗಿ ಸೆಕೆಂಡಿಗೆ 625 ಮೆಗಾಬೈಟ್ ಎಂದು ಲೆಕ್ಕ ಹಾಕಿದವನಿಗೆ ಸಿಗುವುದು 500, ಉಳಿದ ಖರ್ಚು ಕಳೆದು ಕೈಗೆ ಬರುವುದು 450ರ ಆಸುಪಾಸು. 10 ಗಿಗಾಬಿಟ್ ಹಾದಿಯಲ್ಲಿ ಸುಂಕ ಇಳಿಸಿದರು: 128 ಬಿಟ್ಟಿಗೆ ನಾಲ್ಕೇ ಹೆಚ್ಚುವರಿ. ಅಲ್ಲಿ ಸಾವಿರ ಮೆಗಾಬೈಟ್ ನಿಜಕ್ಕೂ ಕಾಣಸಿಗುತ್ತದೆ.

ಇಲ್ಲಿಗೆ ಗ್ರಂಥದ ನಡುಮನೆಗೆ ಬಂದಂತಾಯಿತು. ವೇಗವೆಂಬುದು ಡಬ್ಬಿಯ ಗುಣವೇ ಅಲ್ಲ ಎಂಬುದು ಪ್ರಬಂಧಕಾರನ ಸಿದ್ಧಾಂತ. ಅದು ಲ್ಯಾಪ್‌ಟಾಪಿನ ಕಿಂಡಿ, ಕೇಬಲ್, ಡಬ್ಬಿಯೊಳಗಿನ ಚಿಪ್ಪು, ಮಾಹಿತಿ ಹೊರಟುಬಂದ ಮೂಲ, ಇವೆಲ್ಲ ಒಟ್ಟಾಗಿ ಎಳೆಯುವ ಗಾಡಿ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಗಾಡಿಯಲ್ಲಿ ಎತ್ತಿಗೆ ಎಷ್ಟು ಹಿಂಡಿ ಹಾಕಿದರೇನು? ಮದುವೆ ಫೋಟೊ ತೆಗೆಯುವವರು 2,000 ಮೆಗಾಬೈಟಿನ ಡಬ್ಬಿ ಕೊಂಡು, ಕ್ಯಾಮೆರಾದ ಸಾಧಾರಣ ಎಸ್‌ಡಿ ಕಾರ್ಡಿನಿಂದ ನಕಲು ಮಾಡುತ್ತಾರೆ. ಆ ಯುಎಚ್‌ಎಸ್-1 ಕಾರ್ಡಿನ ಹಾದಿಯ ಮಿತಿಯೇ 104 ಮೆಗಾಬೈಟ್. ಡಬ್ಬಿ ಉಳಿದ ಹೊತ್ತೆಲ್ಲ ಆಕಳಿಸುತ್ತ ಕೂತಿರುತ್ತದೆ. ಹಾಗೆಯೇ 20 ಗಿಗಾಬಿಟ್ ಡಬ್ಬಿಯನ್ನು ಬಹುಪಾಲು ಮ್ಯಾಕ್‌ಗಳಿಗೆ ಚುಚ್ಚಿದರೆ, ಆ ‘ಟೂ ಬೈ ಟೂ’ ಭಾಷೆ ಅವಕ್ಕೆ ಬಾರದ್ದರಿಂದ, ಅದು ತಲೆ ತಗ್ಗಿಸಿ 10ಕ್ಕೆ ಇಳಿಯುತ್ತದೆ. ಹೆಚ್ಚಿನವರಿಗೆ 20ರ ಡಬ್ಬಿ ದಂಡ ಎಂದು ಪ್ರಬಂಧಕಾರನು ಮುಲಾಜಿಲ್ಲದೆ ಹೇಳುತ್ತಾನೆ.

ಇವರೆಲ್ಲರ ಪೈಕಿ ಮಹಾ ಮಾಯಾವಿ ಕೇಬಲ್. ಗುಜರಾತಿನ ವಡೋದರಾದಲ್ಲಿ ಹುಟ್ಟಿ ಇಂಟೆಲ್ ಸೇರಿದ ಅಜಯ್ ಭಟ್ ಮತ್ತವರ ಸಂಗಡಿಗರು ಯುಎಸ್‌ಬಿ ರೂಪಿಸಿದಾಗ, ಪ್ಲಗ್ಗನ್ನು ಮೊದಲ ಸಲ ತಪ್ಪಾಗಿ, ಎರಡನೆಯ ಸಲವೂ ಯಾಕೋ ತಪ್ಪಾಗಿ, ಮೂರನೆಯ ಸಲ ಸರಿಯಾಗಿ ಚುಚ್ಚುವ ಸಾಧನೆ ಮನುಕುಲಕ್ಕೆ ಒದಗಿತು. 2014ರಲ್ಲಿ ಟೈಪ್-ಸಿ ಬಂದು ಆ ಕಷ್ಟ ನೀಗಿಸಿತು. ಯಾವ ಕಡೆಯಿಂದ ಚುಚ್ಚಿದರೂ ಹೋಗುತ್ತದೆ. ಒಳಗೆ ಯಾವ ವೇಗ ಹರಿಯುತ್ತದೆಂದು ಮಾತ್ರ ನೋಡಿದರೆ ಗೊತ್ತಾಗುವುದಿಲ್ಲ. 480 ಮೆಗಾಬಿಟ್ಟಿನ ಕೇಬಲ್ಲೂ 40 ಗಿಗಾಬಿಟ್ಟಿನ ಕೇಬಲ್ಲೂ ಅವಳಿ ಮಕ್ಕಳಂತೆ ಕಾಣುತ್ತವೆ. 2023ರ ಐಫೋನ್ 15 ಪ್ರೊ ಇದಕ್ಕೆ ಶ್ರೇಷ್ಠ ಉದಾಹರಣೆ. ಅದರ ಕಿಂಡಿ 10 ಗಿಗಾಬಿಟ್ಟಿನದು, ಹೊರಗಿನ ಎಸ್‌ಎಸ್‌ಡಿಗೆ ನೇರವಾಗಿ ವಿಡಿಯೊ ಬರೆಯಬಲ್ಲದು; ಪೆಟ್ಟಿಗೆಯಲ್ಲಿ ಜತೆಗೆ ಕೊಟ್ಟ ಕೇಬಲ್ ಮಾತ್ರ 2000ದ ಇಸವಿಯ 480 ಮೆಗಾಬಿಟ್ಟಿನದು. ಆನೆ ಕೊಟ್ಟು ಅಂಕುಶಕ್ಕೆ ಬೇರೆ ಅಂಗಡಿ ತೋರಿಸಿದಂತೆ.

ಇನ್ನು ಡಬ್ಬಿಯ ಹೊಟ್ಟೆಯೊಳಗೆ. 1980ರ ದಶಕದಲ್ಲಿ ತೋಷಿಬಾದ ಫುಜಿಯೊ ಮಸುವೊಕಾ ಕಂಡುಹಿಡಿದ ಫ್ಲ್ಯಾಶ್ ಮೆಮೊರಿಯ ವಂಶವೇ ಇದು. ಇಲ್ಲಿ ಪ್ರತಿ ಕೋಶವೂ ವಿದ್ಯುದಾವೇಶವನ್ನು ಕೂಡಿಟ್ಟುಕೊಳ್ಳುವ ಒಂದು ಕೋಣೆ. ಕೋಣೆಗೊಂದೇ ಬಿಟ್ ಇಟ್ಟರೆ ಖಾಲಿಯೋ ತುಂಬಿದೆಯೋ ಎಂದು ನೋಡಿದರೆ ಸಾಕು. ಮೂರು ಬಿಟ್ ಇಟ್ಟರೆ, ಅಂದರೆ ಟಿಎಲ್‌ಸಿಯಲ್ಲಿ, ಎಂಟು ಮಟ್ಟಗಳನ್ನು ಗುರುತಿಸಬೇಕು. ನಾಲ್ಕಿಟ್ಟರೆ, ಅಂದರೆ ಕ್ಯೂಎಲ್‌ಸಿಯಲ್ಲಿ, ಹದಿನಾರು. ವಠಾರದ ಒಂದೇ ಕೋಣೆಗೆ ನಾಲ್ಕು ಸಂಸಾರ ತುಂಬಿದರೆ ಬಾಡಿಗೆ ಅಗ್ಗ, ಯಾರ ಚಪ್ಪಲಿ ಯಾವುದೆಂದು ಹುಡುಕುವುದು ತಡ. ಈ ನಿಧಾನ ಹೊರಗೆ ಕಾಣದಂತೆ ತಯಾರಕರು ಒಂದಿಷ್ಟು ಕೋಣೆಗಳನ್ನು ಒಂಟಿ ಬಿಟ್ಟಿನ ಜಗುಲಿ ಮಾಡಿಟ್ಟಿರುತ್ತಾರೆ. ಬಂದ ಮೂಟೆಗಳನ್ನೆಲ್ಲ ಮೊದಲು ಜಗುಲಿಯ ಮೇಲೆ ಧಡಧಡನೆ ಇಳಿಸಿ, ಬಿಡುವಾದಾಗ ಅಟ್ಟಕ್ಕೆ ಏರಿಸುವುದು. ಜಗುಲಿ ತುಂಬುವವರೆಗೆ ಸಾವಿರ ಮೆಗಾಬೈಟ್. ತುಂಬಿತೋ, ಪ್ರತಿ ಮೂಟೆಯೂ ನೇರ ಅಟ್ಟಕ್ಕೆ. ಅಗ್ಗದ ಕ್ಯೂಎಲ್‌ಸಿ ಡಬ್ಬಿಗಳು ಆಗ ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ನಡಿಗೆಗೆ ಇಳಿದುಬಿಡುವುದುಂಟು. ದಿನವೂ ನೂರಾರು ಗಿಗಾಬೈಟ್ ವಿಡಿಯೊ ಸುರಿಯುವವರು ಟಿಎಲ್‌ಸಿ ಕೇಳಿ ಪಡೆಯಬೇಕು. ವರ್ಷಕ್ಕೆರಡು ಸಲ ಪ್ರವಾಸದ ಫೋಟೊ ಹಾಕುವವರಿಗೆ ಜಗುಲಿಯೇ ಅರಮನೆ.

ಪರಿಮಾಣದ ಬಗ್ಗೆ ಒಂದು ಮಾತು. 1 ಟೆರಾಬೈಟ್ ಎಂದು ಕೊಂಡದ್ದನ್ನು ವಿಂಡೋಸ್ 931 ಗಿಗಾಬೈಟ್ ಎಂದು ತೋರಿಸುತ್ತದೆ. ಉಳಿದ 69ನ್ನು ಅಂಗಡಿಯವರು ತೂಕದಲ್ಲಿ ಹೊಡೆದರೆಂದು ಜಗಳಕ್ಕೆ ಹೋಗಬೇಕಿಲ್ಲ. ಮಾರುವವರು ಸಾವಿರದ ಮೆಟ್ಟಿಲಿನಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಮೆಟ್ಟಿಲಿನಲ್ಲಿ. ಒಂದೂರಿನ ಸೇರು ಇನ್ನೊಂದೂರಿನ ಸೇರಲ್ಲ, ಅಷ್ಟೇ. ಮ್ಯಾಕ್ 2009ರಿಂದೀಚೆಗೆ ಮಾರುವವರ ಸೇರಿನಲ್ಲೇ ಅಳೆಯುತ್ತಿದೆ. ಅಲ್ಲಿ ಅದೇ ಡಬ್ಬಿ ಒಂದು ಟೆರಾಬೈಟ್.

ನಿಜವಾದ ಮೋಸದ ಲಕ್ಷಣ ಬೇರೆ. ಎರಡು ಮೂರು ಸಾವಿರ ರೂಪಾಯಿಗೆ ‘16 ಟಿಬಿ’ ಎಂದು ಆನ್‌ಲೈನಿನಲ್ಲಿ ಸಿಗುವ ಡಬ್ಬಿಯನ್ನು ಬಿಚ್ಚಿದವರಿಗೆ ಒಳಗೆ ಒಂದು ಮೈಕ್ರೊ ಎಸ್‌ಡಿ ಕಾರ್ಡು, ತೂಕಕ್ಕೆ ಒಂದಿಷ್ಟು ಅಂಟು ಕಂಡದ್ದಿದೆ. ಅದರ ಫರ್ಮ್‌ವೇರ್ ಹದಿನಾರೆಂದು ಸುಳ್ಳು ಸಾಕ್ಷಿ ನುಡಿಯುತ್ತದೆ. ಕೊಟ್ಟದ್ದನ್ನೆಲ್ಲ ನಗುಮುಖದಿಂದ ತೆಗೆದುಕೊಳ್ಳುತ್ತದೆ, ವಾಪಸ್ ಕೇಳಿದಾಗ ಇಲ್ಲವೆನ್ನುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಕೈಸಾಲ ಎಂದು ಹೆಸರು. ಎಫ್3, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶಗಳು ಡಬ್ಬಿಯ ತುಂಬ ಬರೆದು, ಮತ್ತೆ ಓದಿ, ಈ ಸುಳ್ಳನ್ನು ಹಿಡಿಯುತ್ತವೆ.

ಆಯಸ್ಸಿನ ವಿಚಾರಕ್ಕೆ ಬಂದರೆ ನಮ್ಮವರೇ ಗೆದ್ದರು. ಬರೆಯುವ ಆಯುಷ್ಯವನ್ನೆಲ್ಲ ಸವೆಸಿದ ಮನೆಬಳಕೆಯ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ನೆನಪು ಉಳಿಸಿಕೊಂಡರೆ ಸಾಕೆನ್ನುತ್ತದೆ ಜೆಡೆಕ್ ಎಂಬ ಮಾನಕ ಸಂಸ್ಥೆ. ಹೊಸ ಡಬ್ಬಿ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಒಪ್ಪೋಣ. ಆದರೆ ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ಹದಿನಾರು ಸಾಲುಗಳನ್ನು ಇಲ್ಲಿಯವರೆಗೂ, ಒಂದು ಯೂನಿಟ್ ಕರೆಂಟ್ ಸುಡದೆ, ಹಿಡಿದುಕೊಂಡಿದೆ. ಬರೆಯುವ ವೇಗ ತುಸು ಕಡಿಮೆ; ಅಳಿಸಿ ಮತ್ತೆ ಬರೆಯುವ ಸೌಲಭ್ಯವಿಲ್ಲ; ಜೇಬಿಗೂ ಹಿಡಿಸದು. ಎಸ್‌ಎಸ್‌ಡಿಯನ್ನು ಬೀರುವಿನಲ್ಲಿಟ್ಟು ಮರೆಯುವ ಅಭ್ಯಾಸವಿದ್ದವರು, ನಿಧಾನಿಯಾದರೂ, ಅಗ್ಗದ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳುವುದು ಕ್ಷೇಮ.

ಇಷ್ಟನ್ನೆಲ್ಲ ಬಲ್ಲ ಪ್ರಬಂಧಕಾರನು 10 ಗಿಗಾಬಿಟ್ಟಿನ, ಟಿಎಲ್‌ಸಿಯ, ಒಂದು ಟೆರಾಬೈಟ್ ಡಬ್ಬಿಯೊಂದನ್ನು ತಂದು, ಮ್ಯಾಕ್‌ಗೂ ವಿಂಡೋಸ್‌ಗೂ ಒಗ್ಗುವಂತೆ ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ, ಮೈದುನನ ಮದುವೆಯ 100 ಗಿಗಾಬೈಟ್ ವಿಡಿಯೊವನ್ನು ನಕಲಿಗೆ ಹಾಕಿದನು. ಶಾಸ್ತ್ರದ ಪ್ರಕಾರ ಎರಡು ನಿಮಿಷದೊಳಗೆ ಮುಗಿಯಬೇಕು. ತೆರೆಯ ಮೇಲೆ ಸೆಕೆಂಡಿಗೆ 40 ಮೆಗಾಬೈಟ್ ಎಂದು ತೋರಿಸುತ್ತಿತ್ತು. ಕಾಯುತ್ತ ಕೂತು ಏನು ಮಾಡುವುದೆಂದು ಈ ಗ್ರಂಥ ಬರೆಯತೊಡಗಿದನು. 42ನೆಯ ನಿಮಿಷಕ್ಕೆ ನಕಲು ಮುಗಿದು, ಕೇಬಲ್ ಕಿತ್ತು ಸುತ್ತುವಾಗ ಅದು ಫೋನಿನ ಚಾರ್ಜರಿನದು ಎಂದು ಕಂಡಿತು. ಡಬ್ಬಿಯ ಜತೆಗೆ ಬಂದಿದ್ದ ಗಿಡ್ಡ ಕೇಬಲ್ ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕ, ಅತ್ತೆಯವರ ಫೋನಿಗೆ ಸಿಕ್ಕಿಕೊಂಡಿತ್ತು.