ನಾನು ಪೆಟ್ರೋಲಿಗೆ ಬದಲಿಯಲ್ಲ ಸ್ವಾಮಿ, ಅದರ ಆಳು!

ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಹೊರಗೆ, ರಾಗಿ ಹೊಲವೊಂದರ ಬದುವಿನ ಮೇಲೆ ಒಂಟಿಯಾಗಿ ನಿಂತಿರುವ ಹರಳು ಗಿಡ ಸಂದರ್ಶನಕ್ಕೆ ಕೇಳಿದ ತಕ್ಷಣ ಒಪ್ಪಿತು. ಇತ್ತೀಚೆಗೆ ಯಾರೂ ಅದನ್ನು ಮಾತಾಡಿಸಿರಲಿಲ್ಲವಂತೆ. ಪೆಟ್ರೋಲಿಯಂ ಬಿಟ್ಟು ಗಿಡಮರಗಳಿಂದಲೇ ಪ್ಲಾಸ್ಟಿಕ್ಕು, ಗ್ರೀಸು, ಬಣ್ಣ ಮಾಡುತ್ತೇವೆಂದು ದೊಡ್ಡ ದೊಡ್ಡ ಕಂಪನಿಗಳು ಹೇಳಿಕೊಂಡು ತಿರುಗುತ್ತಿವೆ. ಅಂಥ ಗಿಡಮರಗಳ ಪಟ್ಟಿಯಲ್ಲಿ ಮುಂದಿರುವ ಹರಳಿಗೆ ಏನನ್ನಿಸುತ್ತದೆ ಎಂಬುದು ನಮ್ಮ ಕುತೂಹಲ. ಮಾತಿನ ನಡುವೆ ಬಿಸಿಲಿಗೆ ಒಂದೊಂದು ಕಾಯಿ ‘ಚಟ್’ ಎಂದು ಸಿಡಿಯುತ್ತಿತ್ತು. ಅದನ್ನು ಸಿಟ್ಟು ಎಂದುಕೊಳ್ಳಬೇಕಾಗಿಲ್ಲ.

ನಮಸ್ಕಾರ. ಪೆಟ್ರೋಲಿಯಮ್ಮಿಗೆ ನೀವೇ ಬದಲಿ ಅಂತ ಎಲ್ಲ ಕಡೆ ಹೊಗಳ್ತಿದ್ದಾರೆ...

ಯಾರು ಸ್ವಾಮಿ ಹಾಗಂದೋರು? ಲೆಕ್ಕ ಬರಲ್ವಾ ಅವರಿಗೆ? ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ಪೆಟ್ರೋಲಿಯಂ ಕುಡಿಯುತ್ತೆ. ನಮ್ಮ ಕುಲದೋರು ಅಷ್ಟೂ ದೇಶಗಳಲ್ಲಿ ವರ್ಷವಿಡೀ ಹೆತ್ತ ಎಣ್ಣೆನೆಲ್ಲ ಒಟ್ಟಿಗೆ ಸುರಿದರೂ ಎರಡು ಗಂಟೆ ಬಾಯಾರಿಕೆಗೆ ಸಾಲದು. ಸುಡೋಕೆ ನನ್ನ ಕರೀಬೇಡಿ. ಅದಕ್ಕೆ ಹೊಂಗೆಯಣ್ಣ ಇದ್ದಾನೆ.

ಹೊಂಗೆಯವರು ಹೇಗಿದ್ದಾರೆ?

ಪಾಪ, ಅವನ ಕಥೆ ಕೇಳಬೇಡಿ. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿ ತಂತು. ‘ಬರಡು ಬಂಗಾರ’ ಅಂತ ಯೋಜನೆಗೆ ಹೆಸರಿಟ್ಟರು. ಹಾಸನದ ಹತ್ತಿರ ಮಡೆನೂರಲ್ಲಿ ಜೈವಿಕ ಇಂಧನ ಪಾರ್ಕೇ ಆಯ್ತು. ದಿಲ್ಲಿಯೋರು 2017ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇ. 20 ಜೈವಿಕ ಇಂಧನ ಬೆರೆಸ್ತೀವಿ ಅಂದ್ರು. 2018ರ ನೀತಿಯಲ್ಲಿ ನೋಡಿದ್ರೆ, 2030ಕ್ಕೆ ಶೇ. 5! ಇಸವಿ ಏರಿತು, ಪಾಲು ಇಳೀತು. ಹೊಂಗೆಯಣ್ಣ ಈಗಲೂ ನೆರಳು ಕೊಡ್ತಿದ್ದಾನೆ. ಅದಕ್ಕೆ ಯಾವ ನೀತಿನೂ ಬೇಕಾಗಿರಲಿಲ್ಲ ಅನ್ನಿ.

ಅವರಲ್ಲಿ ಇಲ್ಲದ್ದು ನಿಮ್ಮಲ್ಲೇನಿದೆ?

ನನ್ನ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಆ ಎಣ್ಣೆಯಲ್ಲಿ ಶೇ. 85ರಿಂದ 90 ಪಾಲು ರಿಸಿನೋಲಿಕ್ ಆಮ್ಲ. ಅದು 18 ಇಂಗಾಲದ ಸರಪಳಿ. ಆ ಸರಪಳಿಯ 12ನೇ ಇಂಗಾಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿದೆ, ಸೌಟಿಗೆ ಹಿಡಿ ಇದ್ದ ಹಾಗೆ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗೆ ಈ ಹಿಡಿ ಇಲ್ಲ. ನನ್ನ ಆ ಹಿಡಿಗೆ ಕೈಹಾಕಿದರೆ ನನ್ನನ್ನು ಅದರ ಹತ್ತಿರದಲ್ಲೇ ಮುರೀಬಹುದು. ಕ್ಷಾರ ಹಾಕಿ ಕಾಯಿಸಿದರೆ ಸೆಬಾಸಿಕ್ ಆಮ್ಲ. ಬ್ರಷ್ಷಿನ ಬಿರುಗೂದಲಿನ ನೈಲಾನ್ ಅದರಿಂದ ಆಗುತ್ತೆ. ಇನ್ನೊಂದು ದಾರಿಯಲ್ಲಿ 500 ಡಿಗ್ರಿ ಆಸುಪಾಸಿನ ಶಾಖ ಕೊಟ್ಟರೆ ಎರಡು ತುಂಡು. ದೊಡ್ಡ ತುಂಡಿನಿಂದ ನೈಲಾನ್-11, ಫ್ರಾನ್ಸಿನೋರು 1940ರ ದಶಕದಲ್ಲಿ ಕಂಡುಕೊಂಡಿದ್ದು. ಸಣ್ಣ ತುಂಡು ಹೆಪ್ಟಾಲ್ಡಿಹೈಡ್. ಅದರಿಂದ ಮಲ್ಲಿಗೆ ಪರಿಮಳದ ರಾಸಾಯನಿಕ ಮಾಡಿ ಸೋಪಿಗೆ ಹಾಕ್ತಾರೆ. ಚಿಕ್ಕಂದಿನಲ್ಲಿ ಮೂಗು ಹಿಡಿದು ಹರಳೆಣ್ಣೆ ಕುಡಿದೋರೇ ದೊಡ್ಡವರಾಗಿ ಆ ಸೋಪು ಮೂಸಿ ‘ಆಹಾ’ ಅಂತಾರೆ!

ಅಂದರೆ ಪೆಟ್ರೋಲಿಯಮ್ಮಿಗೆ ಸೆಡ್ಡು ಹೊಡೆದ ಹಾಗೇ ಆಯಿತಲ್ಲ?

ಸೆಡ್ಡೆಲ್ಲಿ ಬಂತು ಸ್ವಾಮಿ, ಕೂಲಿ! ನನ್ನಿಂದಾದ ನೈಲಾನ್-11 ಎಲ್ಲಿಗೆ ಹೋಗುತ್ತೆ ಗೊತ್ತಾ? ಕಾರಿನಲ್ಲಿ ಪೆಟ್ರೋಲ್ ಹರಿಯೋ ಕೊಳವೆಗೆ. ಇನ್ನೂ ಕೇಳಿ. ಸಮುದ್ರದ ತಳದಿಂದ ಕಚ್ಚಾತೈಲ ಎತ್ತೋ ಬಳುಕು ಪೈಪಿನ ಒಳಪದರಕ್ಕೆ. ಪೆಟ್ರೋಲಿಯಂ ಓಡಿಸ್ತೀವಿ ಅಂತ ನನ್ನ ಕರೆದುಕೊಂಡು ಹೋಗಿ, ಅದನ್ನೇ ಮೇಲೆತ್ತೋ ಕೆಲಸಕ್ಕೆ ಹಚ್ಚಿದ್ದಾರೆ. ಹಾಗಂತ ಆ ಪೈಪಿನ ವಿವರದಲ್ಲಿ ‘ಸಸ್ಯಜನ್ಯ’ ಅಂತ ಬರೆಯೋದು ಮರೆಯಲ್ಲ.

ಯಂತ್ರಗಳ ಸಹವಾಸ ನಿಮಗೆ ಹೊಸದೇನಲ್ಲವಲ್ಲ.

ಹೊಸದಾ? ಗಾಡಿ ಅಚ್ಚಿಗೆ ಕೀಲೆಣ್ಣೆ ಅಂತ ನನ್ನನ್ನೇ ತಾನೇ ಬಳೀತಿದ್ದುದು? 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಅನ್ನೋ ಎಣ್ಣೆ ವ್ಯಾಪಾರಿ ತಮ್ಮ ಹೊಸ ಎಣ್ಣೆಗೆ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟರು. ‘ಕ್ಯಾಸ್ಟರ್’ ಅಂದರೆ ನಾನೇ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳು ನನ್ನ ಎಣ್ಣೆ ಕುಡಿದೇ ಹಾರಿದ್ದು. ಅದರ ಹೊಗೆ ಮುಖಕ್ಕೆ ಹೊಡೆದು ಪೈಲಟ್ಟುಗಳಿಗೆ ಭೇದಿ ಹತ್ತುತ್ತಿತ್ತಂತೆ. ಆಮೇಲೆ ಆ ಜಾಗಕ್ಕೂ ಪೆಟ್ರೋಲಿಯಂ ಬಂತು. ಈಗ ಲಾರಿ ಚಕ್ರದ ಬೇರಿಂಗಿಗೆ ತುಂಬೋ ಲಿಥಿಯಂ ಗ್ರೀಸನ್ನ ಗಟ್ಟಿ ಮಾಡೋದು ಹೆಚ್ಚಾಗಿ ನನ್ನ ಎಣ್ಣೆಯ ಆಮ್ಲ. ಡಬ್ಬಿಯಲ್ಲಿ ಉಳಿದದ್ದೆಲ್ಲ ಸಾಮಾನ್ಯವಾಗಿ ಪೆಟ್ರೋಲಿಯಂ ಎಣ್ಣೆನೇ. ಅಲ್ಲೂ ಯಜಮಾನಿಕೆ ಅದರದ್ದೇ.

ಇಷ್ಟು ಬೇಡಿಕೆ ಇದ್ದೂ ಇಲ್ಲಿ ಬದುವಿನ ಮೇಲೆ ಒಬ್ಬರೇ ನಿಂತಿದ್ದೀರಲ್ಲ?

ಮೊದಲು ರಾಗಿ ಜತೆ ಅಕ್ಕಡಿ ಸಾಲಲ್ಲಿ ಇದ್ದೆ. ಅವರೆ, ತೊಗರಿ, ಹುಚ್ಚೆಳ್ಳು, ನಾನು, ಎಲ್ಲ ಒಟ್ಟಿಗೆ. ಕೊಳವೆಬಾವಿ ಬಂತು, ಅಡಿಕೆ ಬಂತು. ಅಡಿಕೆಗೆ ಸಿಗೋ ಮರ್ಯಾದೆ ನನಗೆಲ್ಲಿ? ಅತ್ತ ಗುಜರಾತಿನೋರು 1968ರಲ್ಲೇ ನನ್ನ ಹೈಬ್ರಿಡ್ ಬಿಡುಗಡೆ ಮಾಡಿ, ನೀರು ಕೊಟ್ಟು ಬೆಳೆದ್ರು. ಜಗತ್ತಿನ ಹರಳೆಣ್ಣೆ ರಫ್ತಿನಲ್ಲಿ ಭಾರತದ್ದೇ ಸಿಂಹಪಾಲು, ಭಾರತದ ಬೆಳೆಯಲ್ಲಿ ಗುಜರಾತಿನದೇ ಸಿಂಹಪಾಲು. ಮರವಿಲ್ಲದೂರಲ್ಲಿ ಹರಳೇ ಮರ ಅಂತ ಗಾದೆ ಮಾಡಿ ನಗ್ತಿದ್ರಲ್ಲ, ಈಗ ನಗೋಕಾದರೂ ನಾಲ್ಕು ಗಿಡ ಉಳಿಸಿದ್ದೀರಾ?

ಗುಜರಾತಿನ ನಿಮ್ಮ ನೆಂಟರಾದರೂ ಸುಖವಾಗಿದ್ದಾರಾ?

ನೆಂಟರ ಬಗ್ಗೆ ಕೆಟ್ಟದ್ದು ಆಡಬಾರದು. ಎಣ್ಣೆ ತೆಗೆಯೋದೇನೋ ಅಲ್ಲೇ. ಆದರೆ ನೈಲಾನ್-11 ಮಾಡೋ ಹೊಸ ಕಾರ್ಖಾನೆ 2022ರಲ್ಲಿ ಶುರುವಾಗಿದ್ದು ಸಿಂಗಪುರದ ಜುರಾಂಗ್ ದ್ವೀಪದಲ್ಲಿ. ಹರಳು ಬಿತ್ತೋಕೆ ಅಲ್ಲಿ ಹೊಲ ಎಲ್ಲಿದೆ? ಬೀಜಕ್ಕೆ ಸಿಗೋ ದುಡ್ಡು ಒಂದು, ಅದನ್ನು ಮುರಿದೋರಿಗೆ ಸಿಗೋ ದುಡ್ಡೇ ಇನ್ನೊಂದು. ಜತೆಗೆ, ನನಗೆ ಹಾಕೋ ಯೂರಿಯಾ ನೈಸರ್ಗಿಕ ಅನಿಲದ್ದು, ಉಳೋ ಟ್ರ್ಯಾಕ್ಟರಿನ ಡೀಸೆಲ್ಲು ತೈಲಬಾವಿಯದ್ದು. ‘ಪೂರ್ತಿ ಹಸಿರು’ ಅಂತ ಚೀಟಿ ಅಂಟಿಸೋ ಮುಂಚೆ ಆ ಲೆಕ್ಕನೂ ಹಾಕಿ. ಕಳೆ ಕಿತ್ತ ಹೆಂಗಸರ ಕೂಲಿಗೂ ಅಲ್ಲೊಂದು ಕಾಲಂ ಇರಲಿ.

ಹಾಗಾದರೆ ನಿಮ್ಮನ್ನು ಬಿಟ್ಟುಬಿಡೋದೇ ಒಳ್ಳೇದಾ?

ಅಯ್ಯೋ, ಬಿಡಿ ಅಂದೆನಾ ನಾನು? ಸುಡಬೇಡಿ, ಸಾಮಾನು ಮಾಡಿ ಅಂದೆ. ಪೆಟ್ರೋಲಿಯಮ್ಮಿಗೆ ಸುಲಭವಾಗಿ ಒಲಿಯದ ಕೆಲವು ಕೆಲಸ ನನಗೆ ಬರ್ತವೆ. ಅಷ್ಟಕ್ಕೆ ಕರೀರಿ, ಆ ಕೆಲಸಕ್ಕೆ ತಕ್ಕ ಬೆಲೆ ಬೆಳೆದೋರಿಗೆ ಕೊಡಿ. ಜಗತ್ತು ಉಳಿಸೋ ಭಾರನೆಲ್ಲ ಬದುವಿನ ಗಿಡದ ತಲೆ ಮೇಲೆ ಹೊರಿಸಿದ್ರೆ ಹೆಂಗೆ?

ಕೊನೆಯದಾಗಿ, ನಮ್ಮ ಓದುಗರಿಗೆ?

ಮುಂಗಾರಲ್ಲಿ ರಾಗಿ ಬಿತ್ತುವಾಗ ಅಕ್ಕಡಿಗೆ ನಾಲ್ಕು ಬೀಜ ಹಾಕಿ ಅನ್ನಿ. ಮನೆ ಖರ್ಚಿನ ಎಣ್ಣೆಗಾದರೂ ಆಗುತ್ತೆ. ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಎಣ್ಣೆ ತೆಗೆಯೋ ಅಜ್ಜಿಯರು ಇನ್ನೂ ಇದ್ದರೆ ಈಗಲೇ ಕಲ್ತುಕೊಳ್ಳಿ. ಗಾಣದೋರಿಂದ ಹಿಂಡಿ ತಂದ್ರೆ ಮಾತ್ರ ಹುಷಾರು, ಅದರಲ್ಲಿ ರೈಸಿನ್ ಅನ್ನೋ ವಿಷ ಇದೆ. ಹಸುವಿಗೆ ಇಡಬೇಡಿ. ಅಡಿಕೆ ಬುಡಕ್ಕೆ ಹಾಕಿ.