ಹಿತ್ತಲೋದ್ಧಾರ ಮೀಮಾಂಸೆ

ಹಳಗನ್ನಡದಲ್ಲಿ ಹುಲ್ಲು ‘ಪುಲ್’, ಹಿತ್ತಿಲು ‘ಪಿತ್ತಿಲ್’. ಕಾಲಕ್ರಮೇಣ ಎರಡರ ಪಕಾರವೂ ಹಕಾರವಾಯಿತು. ಅಲ್ಲಿಯವರೆಗೆ ವೈಯಾಕರಣರು ನಮ್ಮ ಜೊತೆಗಿದ್ದಾರೆ. ಬಾಣಾವರದ ನಮ್ಮ ಮನೆಯಲ್ಲಿ ಹಿತ್ತಿಲು ಕಲ್ಲುಹಾಸಾದದ್ದು ಯಾವ ಸೂತ್ರದಿಂದ ಎಂಬಲ್ಲಿ ಅವರು ಕೈಬಿಡುತ್ತಾರೆ. ಈ ಪ್ರಬಂಧ ಹುಟ್ಟಿದ್ದು ಅಲ್ಲಿ.

ಕಲ್ಲೆಬ್ಬಿಸಿ ಹುಲ್ಲು ಹಾಸಲು ನಾನು ಹೊರಟ ಕ್ಷೇತ್ರದ ಉದ್ದ 20 ಅಡಿ, ಅಗಲ 15. ಮೇಲೆ ಶಹಾಬಾದ್ ಕಲ್ಲು, ಕೆಳಗೆ ಗಾರೆ, ಅದರಡಿ ಜಲ್ಲಿ, ಅದರಡಿ (ನಾಲ್ಕು ದಿನ ಹಾರೆ ಹಾಕಿದ ಮೇಲೆ ಖಚಿತವಾದಂತೆ) ಮಣ್ಣು. ಎರಡನೇ ದಿನ ಒಂದು ಬಳೆಚೂರು, ಒಂದು ಹಸಿರು ಗೋಲಿ ಸಿಕ್ಕವು. ಗೋಲಿ ನನ್ನದೇ. ಪದರಗಳ ಆಧಾರದಿಂದ ಅದರ ಕಾಲ ಮೂರನೇ ತರಗತಿ.

ಅಂಗಳಕ್ಕೆ ಕಲ್ಲೋ ಹುಲ್ಲೋ ಎಂಬ ಕುರಿತು ನಮ್ಮ ಸೀಮೆಯಲ್ಲಿ ಎರಡು ಪಂಥಗಳಿವೆ. ಜಾವಗಲ್ ದಾಟಿದರೆ ಹಳೇಬೀಡು, ಆಮೇಲೆ ಬೇಲೂರು. 1117ರಲ್ಲಿ ಪ್ರತಿಷ್ಠೆಯಾದ ಚನ್ನಕೇಶವನ ಅಂಗಳಕ್ಕೆ ಕಲ್ಲುಚಪ್ಪಡಿ. ಹಳೇಬೀಡಿನ ಹೊಯ್ಸಳೇಶ್ವರನ ಸುತ್ತ ಪುರಾತತ್ವ ಇಲಾಖೆಯ ಹುಲ್ಲುಹಾಸು. ಬೇಸಿಗೆಯ ಮಧ್ಯಾಹ್ನ ಬೇಲೂರಿನಲ್ಲಿ ಬರಿಗಾಲ ಪ್ರದಕ್ಷಿಣೆ ಹಾಕಿದವರು ಹಳೇಬೀಡು ಪಂಥಕ್ಕೆ ಸೇರುತ್ತಾರೆ, ಅದೂ ಓಡುತ್ತಲೇ. 2023ರಲ್ಲಿ ಯುನೆಸ್ಕೊ ಎರಡನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿ ವಿವಾದದಿಂದ ನುಣುಚಿಕೊಂಡಿತು.

ಪೂರ್ವಪಕ್ಷ ಅವ್ವನದು. “ಹುಲ್ಲು ಹಾಕ್ತೀಯಾ? ರಾಗಿ ಎಲ್ಲಿ ಒಣಗಾಕ್ಲಿ, ಹೈವೇಲಾ?” ಹುರುಳಿಯನ್ನು ರಸ್ತೆಗೆ ಹರವಿ ಬಸ್ಸುಗಳ ಕೈಲಿ ಒಕ್ಕಣೆ ಮಾಡಿಸುವ ನಾಡಿನಲ್ಲಿ ಇದು ಬರೀ ಕೊಂಕಲ್ಲ. ನಾನು ಗಣಿತಕ್ಕೆ ಶರಣಾದೆ: 10 ಮಿಲಿಮೀಟರ್ ಮಳೆ ಬಿದ್ದರೆ ನಮ್ಮ 300 ಚದರಡಿಗೆ ಸುಮಾರು 280 ಲೀಟರ್ ನೀರು, ಅಷ್ಟೂ ಚರಂಡಿ ಪಾಲು.

“ಬ್ಯಾಸಿಗೇಲಿ ಹುಲ್ಲಿಗೆ ಹೊತ್ತಾಕೋ ನೀರು ಎಷ್ಟು ಲೀಟ್ರಪ್ಪಾ?”

ಸಿದ್ಧಾಂತಪಕ್ಷದಿಂದ ಇದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಇನ್ನು ದ್ರವ್ಯವಿಚಾರ. ನರ್ಸರಿಯಲ್ಲಿ ಚಾಪೆಯಂತೆ ಸುತ್ತಿಟ್ಟ ಹುಲ್ಲಿಗೆ ಚದರಡಿ ಲೆಕ್ಕದಲ್ಲಿ ಬೆಲೆ ಹೇಳಿದರು. ಬಿಡಿಸಿ ನೋಡಿದರೆ ಗರಿಕೆ! ಗಂಟುಗಂಟಿಗೂ ಬೇರು ಬಿಡುವ ಇದೇ ಗರಿಕೆಯನ್ನು ಅಪ್ಪ ವರ್ಷಗಟ್ಟಲೆ ಕಿತ್ತು, ಸುಟ್ಟು, ಕಡೆಗೆ ಸೋತು ಹಿತ್ತಲಿಗೆ ಕಲ್ಲು ಹಾಸಿಸಿದ್ದು. ಅಂದಿನಿಂದ ಗಣೇಶನ 21 ಗರಿಕೆಗೂ ಪಕ್ಕದ ಮನೆಯವರೇ ಗತಿ.

ಸದ್ಯದ ಸ್ಥಿತಿ: ಒಂಬತ್ತು ಕಲ್ಲು ಎದ್ದಿವೆ. ಹತ್ತನೆಯದರ ಮೇಲೆ ಬಟ್ಟೆ ಒಗೆಯುವ ಕಲ್ಲಿದೆ. ಅದರ ಮುಂದೆ ಅವ್ವ ನಿಂತಿದ್ದಾಳೆ.